ತಾಳಗುಂದದ ಕಂಬ, ಕಂಬದೊಳಗಿನ ಕೆರೆ

ತಾಳಗುಂದದ ಪ್ರಣವೇಶ್ವರ ಗುಡಿಯ ಎದುರಿಗಿರುವ ಕಂಬದ ಬರಹವನ್ನು ಓದಬೇಕೆಂದರೆ ಕಣ್ಣನ್ನು ಮೊದಲು ಬುಡಕ್ಕೆ ಇಳಿಸಬೇಕು. ಎಂಟು ಮುಖಗಳ ಆ ಗಟ್ಟಿಕಲ್ಲಿನ ಮೇಲೆ ಪ್ರತಿ ಸಾಲೂ ಕೆಳಗಿನಿಂದ ಹೊರಟು ಮೇಲಕ್ಕೆ ಏರುತ್ತದೆ. ಏಳು ಮುಖಗಳಲ್ಲಿ ಎರಡೆರಡು ಸಾಲುಗಳಿವೆ, ಎಂಟನೆಯ ಮುಖದಲ್ಲಿ ಒಂದೇ ಒಂದು ಚಿಕ್ಕ ಸಾಲಿದೆ. ಅಕ್ಷರಗಳ ತಲೆಯ ಮೇಲೆ ಸಣ್ಣ ಪೆಟ್ಟಿಗೆಯಂತಹ ಗುರುತುಗಳನ್ನು ಕೊರೆದಿದ್ದಾರೆ. ಬೆಳಗಿನ ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಆ ಪೆಟ್ಟಿಗೆಗಳೊಳಗೆ ನೆರಳು ತುಂಬಿ ಸಾಲು ಎದ್ದು ಕಾಣುತ್ತದೆ, ಹೊತ್ತು ಏರಿದಂತೆ ಕಲ್ಲು ಮತ್ತೆ ಬರಿಯ ಕಲ್ಲಿನಂತೆ ತೋರುತ್ತದೆ. ಶಿಕಾರಿಪುರ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನಾನು ಶಾಲೆಯ ಪ್ರವಾಸದಲ್ಲಿ ಈ ಕಂಬವನ್ನು ಮೊದಲ ಸಲ ನೋಡಿದಾಗ ನಡುಹಗಲಾಗಿತ್ತು, ಆದ್ದರಿಂದ ಏನೂ ಕಾಣಿಸಿರಲಿಲ್ಲ. ಊರಿಗೆ ಬಂದಾಗಲೆಲ್ಲ ಬೆಳಗಿನ ಮೊದಲ ಬಸ್ಸಿಗೆ ಅಲ್ಲಿಗೆ ಹೋಗುವ ರೂಢಿ ಬಹಳ ವರ್ಷಗಳ ನಂತರ ಬೆಳೆದದ್ದು.

ಕದಂಬರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಈ ಕಂಬದಿಂದಲೇ ಬಂದಿದೆ. ಮಯೂರಶರ್ಮನೆಂಬ ಬ್ರಾಹ್ಮಣ ಯುವಕ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವ್ಯಾಸಂಗಕ್ಕೆ ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಂದಿಗೆ ಜಗಳವಾದದ್ದು, ದರ್ಭೆ, ಸಮಿತ್ತು, ಹೋಮದ ಸೌಟಾದ ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈಯಲ್ಲಿಯೇ ಅವನು ಹೊಳೆಯುವ ಕತ್ತಿಯನ್ನು ಹಿರಿದದ್ದು, ಮನೆಯ ಬಳಿ ಅಕ್ಕರೆಯಿಂದ ಬೆಳೆಸಿದ ಕದಂಬ ಮರದಿಂದ ವಂಶಕ್ಕೆ ಹೆಸರು ಬಂದದ್ದು, ಎಲ್ಲವನ್ನೂ ಕುಬ್ಜನೆಂಬ ಕವಿ ಸಂಸ್ಕೃತದ ಮೂವತ್ತನಾಲ್ಕು ಪದ್ಯಗಳಲ್ಲಿ ಹೇಳಿ, ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೆಸರನ್ನೂ ಹೇಳಿಕೊಂಡಿದ್ದಾನೆ. 5ನೆಯ ಶತಮಾನದ ನಡುಗಾಲದಲ್ಲಿ, ಶಾಂತಿವರ್ಮನ ಆಳ್ವಿಕೆಯಲ್ಲಿ ಬರೆಸಿದ ಶಾಸನವಿದು. ಪಠ್ಯಪುಸ್ತಕಗಳು ಕಂಚಿಯ ಜಗಳದವರೆಗೆ ಹೇಳಿ ನಿಲ್ಲಿಸುತ್ತವೆ. ಆದರೆ ಇಷ್ಟೆಲ್ಲ ವಂಶಕಥನವನ್ನು ಕುಬ್ಜ ಏತಕ್ಕಾಗಿ ಬರೆದನೆಂಬುದು ಕೊನೆಯ ಪದ್ಯಗಳಲ್ಲಿದೆ: ಶಾತಕರ್ಣಿ ಮೊದಲಾದ ಅರಸರು ಪೂಜಿಸುತ್ತಿದ್ದ ಈ ಶಿವಾಲಯದ ಬಳಿ, ನೀರಿಗೆ ಕೊರತೆಯಾಗದಿರಲೆಂದು ಶಾಂತಿವರ್ಮನ ತಂದೆ ಕಾಕುಸ್ಥವರ್ಮನು ದೊಡ್ಡದೊಂದು ಕೆರೆಯನ್ನು ಕಟ್ಟಿಸಿದನು. ರಾಜವಂಶದ ಮೂಲಕಥೆಯೆಂದು ನಾವು ಓದುವ ಈ ಬರಹವು ಹುಟ್ಟಿನಿಂದ ಒಂದು ಕೆರೆಯ ಶಾಸನ.

ಗುಡಿಯ ಆವರಣಕ್ಕೆ ಬೇಲಿಯಿದೆ. ಬಾಗಿಲ ಬಳಿ ನೀಲಿ ಬಣ್ಣದ ಫಲಕವಿದೆ. ಈ ಸ್ಮಾರಕವು ರಾಷ್ಟ್ರೀಯ ಮಹತ್ತ್ವದ್ದೆಂದು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಡಿಯಲ್ಲಿ ಘೋಷಿತವಾಗಿದೆ, ಇದನ್ನು ಕೆಡಿಸುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು ಎಂದು ನಮ್ಮ ದೇಶದ ಇಂತಹ ಫಲಕಗಳೆಲ್ಲ ಒಂದೇ ದನಿಯಲ್ಲಿ ಹೇಳುತ್ತವೆ. 2010ರ ತಿದ್ದುಪಡಿಯಾದ ಮೇಲೆ ಸಂರಕ್ಷಿತ ಜಾಗದ ಅಂಚಿನಿಂದ 100 ಮೀಟರಿನವರೆಗೆ ಹೊಸ ಕಟ್ಟಡವನ್ನು ಕಟ್ಟುವಂತಿಲ್ಲ. ಅಲ್ಲಿಂದಾಚೆಗೆ ಇನ್ನೂ 200 ಮೀಟರಿನವರೆಗೆ ಅನುಮತಿಯಿಲ್ಲದೆ ಏನನ್ನೂ ಕಟ್ಟುವಂತಿಲ್ಲ. ಈ ಕಾನೂನಿನ ವಿರುದ್ಧ ನಾನು ಬರೆಯುತ್ತಿಲ್ಲ. ಬೇಲಿ ಇಲ್ಲದಿದ್ದರೆ ಈ ಕಂಬದ ಗತಿ ಏನಾಗುತ್ತಿತ್ತೆಂಬುದನ್ನು ನಮ್ಮ ತಾಲ್ಲೂಕಿನ ಬೇರೆ ಕಲ್ಲುಗಳನ್ನು ಕಂಡವನಾಗಿ ನಾನು ಊಹಿಸಬಲ್ಲೆ. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ ಬೇರೆ: ಕಾನೂನು ಕಾಯುತ್ತಿರುವುದು ಕಂಬವನ್ನು, ಕಂಬ ಕಾಯಲು ನಿಂತದ್ದು ಕೆರೆಯನ್ನು.

ಹಳೆಯ ಶಾಸನಗಳಲ್ಲಿ ಕೊನೆಗೆ ಬರುವ ಶಾಪಾಶಯದ ಸಾಲುಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲಿ ಎಂದು ಶಾಸನ ಬರೆಸಿದವರು ಹೇಳುವಾಗ, ‘ಈ ಧರ್ಮ’ ಎಂದರೆ ಕಲ್ಲಲ್ಲ; ಕಲ್ಲಿನಲ್ಲಿ ಹೇಳಿದ ಭೂಮಿ, ಕೆರೆ, ಅನ್ನದಾನ, ಗುಡಿಯ ದೀಪದೆಣ್ಣೆ. ಕೆಲವು ಶಾಸನಗಳಲ್ಲಿ ಬರುವ ಇನ್ನೊಂದು ಶ್ಲೋಕ ನನಗೆ ಬಹಳ ಪ್ರಿಯವಾದದ್ದು: ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ’. ಕೊಡುವುದು, ಕಾಪಾಡುವುದು ಎರಡರಲ್ಲಿ ಕೊಡುವುದಕ್ಕಿಂತ ಕಾಪಾಡುವುದೇ ಮೇಲು ಎಂಬ ಈ ಮಾತಿನಲ್ಲಿ ‘ಅನುಪಾಲನೆ’ ಎಂದರೆ ಬೇರೆಯವರು ಆರಂಭಿಸಿದ್ದನ್ನು ತಾನು ಮುಂದುವರಿಸುವುದು. ನಾವು ಈಗ ‘ಸಂರಕ್ಷಣೆ’ ಎನ್ನುವುದಕ್ಕಿಂತ ಅದು ದೊಡ್ಡ ಕೆಲಸ.

ಅನುಪಾಲನೆಗೆ ನಮ್ಮ ತಾಲ್ಲೂಕಿನಲ್ಲಿಯೇ ಅಚ್ಚರಿ ಹುಟ್ಟಿಸುವಷ್ಟು ಹಳೆಯ ಉದಾಹರಣೆಯೊಂದಿದೆ. ಮಳವಳ್ಳಿಯ ಕಂಬವೊಂದರ ಮೇಲೆ ಪ್ರಾಕೃತ ಭಾಷೆಯ ಎರಡು ಶಾಸನಗಳಿವೆ. (ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲ, ಇದು ನಮ್ಮದೇ ಚಿಕ್ಕ ಊರು.) ಮೇಲಿನದು ವೈಜಯಂತಿಪುರದ, ಎಂದರೆ ಬನವಾಸಿಯ, ಶಾತಕರ್ಣಿಯೊಬ್ಬನು ಆ ಊರಿನ ದೇವರಿಗೆ ಬಿಟ್ಟ ದತ್ತಿ. ಅದೇ ಕಂಬದ ಮೇಲೆ ಕೆಳಗಿರುವುದು ಮುಂದೆ ಬಂದ ಕದಂಬ ಅರಸನದು; ಹಿಂದೆ ಕೊಟ್ಟ ದತ್ತಿ ನಿಂತುಹೋಗಿದೆ ಎಂದು ತಿಳಿದು ಅದನ್ನು ಅವನು ಮತ್ತೆ ಬಿಟ್ಟುಕೊಟ್ಟಿದ್ದಾನೆ. ರಾಜ್ಯ ಕೈಬದಲಾಗಿತ್ತು, ಹಳೆಯ ಮನೆತನ ಅಳಿದಿತ್ತು, ಹೊಸದಾಗಿ ಬಂದವನಿಗೆ ಹಿಂದಿನವರ ಮಾತನ್ನು ಉಳಿಸಬೇಕೆಂಬ ಕಟ್ಟುಪಾಡೇನೂ ಇರಲಿಲ್ಲ. ಆದರೂ ಅವನು ಬೇರೆ ಕಲ್ಲನ್ನು ಹುಡುಕದೆ ಅದೇ ಕಂಬದ ಕೆಳಭಾಗದಲ್ಲಿ ತನ್ನ ಮಾತನ್ನು ಬರೆಸಿದನು.

ಈ ಕಲ್ಲುಗಳು ಪಟ್ಟಿಗೆ ಸೇರಿದ್ದು ಹೇಗೆಂಬುದನ್ನೂ ಹೇಳಬೇಕು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಬಳ್ಳಿಗಾವಿಯ ಕಲ್ಲುಗಳು ಅದರಲ್ಲಿ ದೊಡ್ಡ ಪಾಲನ್ನು ಪಡೆದಿದ್ದವು. ಬಿ. ಎಲ್. ರೈಸ್ ಅವರು ಆ ಚಿತ್ರಗಳನ್ನು ಆಧರಿಸಿ 1879ರಲ್ಲಿ ಶಾಸನಗಳ ಅನುವಾದಗಳನ್ನು ಪ್ರಕಟಿಸಿದರು, ಆಮೇಲೆ ತಾವೇ ಊರೂರು ತಿರುಗಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳನ್ನು ಹೊರತಂದರು. ಶಿಕಾರಿಪುರ ತಾಲ್ಲೂಕಿನ ಶಾಸನಗಳಿರುವ ಏಳನೆಯ ಸಂಪುಟ 1902ರಲ್ಲಿ ಬಂದಿತು. ನಮ್ಮ ಒಂದು ತಾಲ್ಲೂಕಿನಿಂದಲೇ ಅದರಲ್ಲಿ ಇನ್ನೂರಕ್ಕೂ ಮೀರಿದ ಶಾಸನಗಳಿವೆ. ಕೇಂದ್ರದ 1958ರ ಕಾನೂನು, ರಾಜ್ಯದ 1961ರ ಕಾನೂನು ಇವೆರಡರ ಅಡಿಯಲ್ಲಿ ರಕ್ಷಣೆ ಪಡೆದ ಸ್ಥಳಗಳಾದರೋ ತಾಳಗುಂದ, ಬಳ್ಳಿಗಾವಿ, ಬಂದಳಿಕೆಗಳ ಆಸುಪಾಸಿನಲ್ಲಿಯೇ ಮುಗಿದುಹೋಗುತ್ತವೆ ಎನ್ನಬಹುದು. ಓದಿ ಅಚ್ಚು ಹಾಕಿಸಿದ ಕಲ್ಲುಗಳಿಗೂ ಬೇಲಿಯೊಳಗೆ ಜಾಗ ಸಿಕ್ಕ ಕಲ್ಲುಗಳಿಗೂ ನಡುವೆ ಇರುವ ಈ ಅಂತರ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಹೆಚ್ಚು ಕಡಿಮೆಯಾಗಿಲ್ಲ.

ಶಿರಾಳಕೊಪ್ಪದಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಬಳ್ಳಿಗಾವಿ ಇದೆ. ಅಲ್ಲಿಗೆ ಹೋದವರೆಲ್ಲ ಮೊದಲು ಕೇಳುವುದು ಗಂಡಭೇರುಂಡ ಕಂಬವನ್ನು. 1047ರಲ್ಲಿ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ಎಂಬ ನಾಡಿನ ಆಡಳಿತ ನೋಡುತ್ತಿದ್ದ ಚಾವುಂಡರಾಯರಸನು ನಿಲ್ಲಿಸಿದ ಈ ಕಂಬದ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮೈಸೂರು ಅರಸರ ಲಾಂಛನವಾಗಿ, ಈಗ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ನಾವು ದಿನವೂ ಕಾಣುವ ಆ ಹಕ್ಕಿಯ ಹಳೆಯ ರೂಪಗಳಲ್ಲಿ ಇದೊಂದು. ತ್ರಿಪುರಾಂತಕ ಗುಡಿಗೆ ಹೋದವರು ಬಾಗಿಲವಾಡದ ಕೆತ್ತನೆಯನ್ನು ನೋಡಿ ಹೊರಬರುವುದು ರೂಢಿ. ಸ್ವಲ್ಪ ಬಗ್ಗಿ ಹೊರಗಿನ ಕಿರುಪಟ್ಟಿಕೆಗಳನ್ನು ನೋಡಿದರೆ ಅಲ್ಲಿ ಪಂಚತಂತ್ರದ ಕತೆಗಳಿವೆ. ನನ್ನ ಅಕ್ಕನ ಮಗಳು ಆರು ವರ್ಷದವಳಿದ್ದಾಗ, ನಾನು ಬಾಯಿ ತೆರೆಯುವ ಮೊದಲೇ ಅವುಗಳಲ್ಲೊಂದನ್ನು ಗುರುತಿಸಿ ಕತೆ ಹೇಳಲು ಆರಂಭಿಸಿದ್ದಳು. ಅವಳ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅದನ್ನು ಕೆತ್ತಿದ್ದರು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ತಮ್ಮ ಹೆಸರನ್ನು ಬರೆದುಕೊಂಡ ರೂವಾರಿಗಳಾದ ದಾಸೋಜ, ಅವನ ಮಗ ಚಾವಣ ಈ ಊರಿನವರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ದಿನ ನನಗೆ ಮೊದಲು ನೆನಪಾದದ್ದು ಅವರಿಬ್ಬರೇ.

ಬಳ್ಳಿಗಾವಿಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಕೇದಾರೇಶ್ವರದಲ್ಲಿ. ಮೂರು ಗರ್ಭಗುಡಿಗಳ ತ್ರಿಕೂಟಾಚಲವದು, ಬಳಪದ ಕಲ್ಲಿನದು. ಒಳಗಿನ ಕಂಬಗಳನ್ನು ತಿರುಗಣೆಗೆ ಕೊಟ್ಟು ಎಷ್ಟು ನುಣುಪಾಗಿಸಿದ್ದಾರೆಂದರೆ ಅಂಗೈಯಿಟ್ಟರೆ ಬೇಸಿಗೆಯಲ್ಲಿಯೂ ತಣ್ಣಗೆ ಹತ್ತುತ್ತದೆ. ಈ ಗುಡಿಯ ಸುತ್ತ ಕಾಳಾಮುಖ ಶೈವರ ಕೋಡಿಯಮಠವಿತ್ತು. ಆ ಮಠದ ಬಗ್ಗೆ 1162ರ ಶಾಸನ ಹೇಳುವ ಮಾತುಗಳನ್ನು ಕನ್ನಡ ಓದಬಲ್ಲ ಪ್ರತಿಯೊಬ್ಬರೂ ಒಮ್ಮೆಯಾದರೂ ಓದಬೇಕೆಂಬುದು ನನ್ನ ಆಸೆ. ನಾಲ್ಕು ವೇದಗಳ ಸ್ವಾಧ್ಯಾಯ ಅಲ್ಲಿ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಡನೆ ಬೌದ್ಧದರ್ಶನವನ್ನೂ ಪಾಠ ಹೇಳುತ್ತಿದ್ದರು. ಶೈವಮಠದಲ್ಲಿ ಜೈನ ವೈಯಾಕರಣನಾದ ಶಾಕಟಾಯನನೂ ಬೌದ್ಧರ ತರ್ಕವೂ ಪಾಠವಾಗುತ್ತಿದ್ದವೆಂದರೆ ಅದು ಎಂತಹ ಊರಾಗಿದ್ದಿರಬೇಕು! ಅದೇ ಶಾಸನ ಮುಂದುವರಿದು, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕತೆ ಹೇಳುವವರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ, ಬಗೆಬಗೆಯ ಭಿಕ್ಷುಗಳಿಗೆ ಅನ್ನವಿಕ್ಕುವ ಸ್ಥಾನವಿದು ಎಂದು ಹೇಳುತ್ತದೆ; ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಮಾಡುವ ಸ್ಥಾನವೆನ್ನುತ್ತದೆ; ಸಕಲ ಜೀವಿಗಳಿಗೂ ಅಭಯದ ಸ್ಥಾನವೆನ್ನುತ್ತದೆ. ಇದೇ ಊರಿನಲ್ಲಿ 1065ರ ಹೊತ್ತಿಗೆ ಬೌದ್ಧವಿಹಾರವಿತ್ತು, ಜೈನ ಬಸದಿಗಳಿದ್ದವು. ಅಲ್ಲಮಪ್ರಭು ಹುಟ್ಟಿ ಮದ್ದಳೆ ನುಡಿಸುತ್ತಿದ್ದದ್ದು ಇಲ್ಲಿ ಎಂಬುದು ನಮ್ಮ ಕಡೆಯ ಪ್ರತಿ ಮನೆಯವರ ನಂಬಿಕೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು.

ಕೋಡಿಯಮಠ ಎಂಬ ಹೆಸರಿನಲ್ಲಿರುವ ‘ಕೋಡಿ’ ಯಾವುದೆಂದು ಅಲ್ಲಿಗೆ ಬಂದವರಲ್ಲಿ ಕೇಳುವವರು ಕಡಿಮೆ. ಅದು ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗುವ ಕೋಡಿ. ಮಠವಿದ್ದದ್ದು ಊರಿನ ತಾವರೆಗೆರೆಯ ಕೋಡಿಯ ಬಳಿ, ಆದ್ದರಿಂದ ಅದು ಕೋಡಿಯಮಠ. ವ್ಯಾಕರಣ, ದರ್ಶನ, ಆಸ್ಪತ್ರೆ, ಅನ್ನಸತ್ರ ಎಲ್ಲವನ್ನೂ ಸಲಹಿದ ಮಠವನ್ನು ಜನ ಗುರುತಿಸಿದ್ದು ನೀರಿನ ದಾರಿಯಿಂದ. ಒಂದು ಮಳೆಗಾಲದಲ್ಲಿ, ಆಷಾಢ ಕಳೆದು ಶ್ರಾವಣ ಹಿಡಿದ ವಾರದಲ್ಲಿ, ನಾನು ಅಲ್ಲಿ ನಿಂತಿದ್ದಾಗ ಗುಡಿಯ ಹಿಂದಿನ ದಾರಿಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಅಜ್ಜರೊಬ್ಬರು ನಿಂತು, ‘ಎಲ್ಲಿಂದ ಬಂದಿರಿ ತಮ್ಮಾ?’ ಎಂದು ವಿಚಾರಿಸಿದರು. ಹೇಳಿದೆ. ‘ಹಂಗಾದ್ರೆ ನಮ್ಮವ್ರೇ ಆದ್ರಿ. ಗುಡಿ ನೋಡಿದ್ರಲ್ಲ, ಕೆರೆ ನೋಡ್ರಿ. ಕೆರೆ ಇದ್ರೆ ಊರು’ ಎಂದು ಹೇಳಿ ಕೋಲಿನಿಂದ ದಿಕ್ಕು ತೋರಿಸಿ ಹೊರಟರು. ಕಾನೂನಿನ ದೃಷ್ಟಿಯಲ್ಲಿ ಗುಡಿ ಒಂದು ಇಲಾಖೆಯ ಸ್ವತ್ತು, ಕೆರೆ ಇನ್ನೊಂದರದು, ಕೋಡಿಯಿಂದಾಚೆಗಿನ ಹಳ್ಳ ಮತ್ತೊಂದರದು. ಹೂಳೆತ್ತುವ ಗುತ್ತಿಗೆಗೂ ಕಲ್ಲು ಜೋಡಿಸುವ ಗುತ್ತಿಗೆಗೂ ಒಂದಕ್ಕೊಂದು ಗುರುತೇ ಇರುವುದಿಲ್ಲ. ಆ ಅಜ್ಜರ ಲೆಕ್ಕದಲ್ಲಿ ಇವೆಲ್ಲವೂ ಒಂದೇ.

ಬೇಲಿಯ ಪಕ್ಕದಲ್ಲಿಯೇ ಬದುಕುವವರ ಕಷ್ಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸಂರಕ್ಷಿತ ಗುಡಿಯಿರುವ ಊರೊಂದರಲ್ಲಿ ನನ್ನ ಸೋದರಮಾವನ ಮನೆಯಿದೆ. ಅಳೆದರೆ ಗುಡಿಯ ಅಂಚಿನಿಂದ ನೂರು ಮೀಟರಿನೊಳಗೇ ಬರುತ್ತದೆ. ಒಂದು ಮಳೆಗಾಲದಲ್ಲಿ ಹಿಂದಿನ ಮಣ್ಣುಗೋಡೆ ಕುಸಿದು ಬಚ್ಚಲುಮನೆ ಬಯಲಾಯಿತು. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಗಳ ದುರಸ್ತಿಗೆ ಕಾನೂನಿನಲ್ಲಿ ಅವಕಾಶವಿದೆ, ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬೇಕು, ಅಷ್ಟೆ. ಆದರೆ ಯಾವ ಅರ್ಜಿ, ಯಾವ ನಕ್ಷೆ, ಮನೆ ಅಷ್ಟು ಹಳೆಯದೆಂಬುದಕ್ಕೆ ಯಾವ ದಾಖಲೆ, ಎಲ್ಲಿ ಕೊಡುವುದು ಎಂದು ಅವರಿಗೆ ಹೇಳುವವರೇ ಸಿಗಲಿಲ್ಲ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ಪಂಚಾಯಿತಿಯ ಪತ್ರ ತನ್ನಿ ಎಂದರು, ಪಂಚಾಯಿತಿಯಲ್ಲಿ ‘ಅದು ನಮಗೆ ಬರುವುದಿಲ್ಲ’ ಎಂದರು. ಎರಡು ಮಳೆಗಾಲ ಅತ್ತೆ ತಗಡಿನ ಮರೆಯಲ್ಲಿ ಸ್ನಾನ ಮಾಡಿದರು. ಕೊನೆಗೆ ಅನುಮತಿ ದೊರೆತು ಗೋಡೆ ಎದ್ದಿತು, ಆದರೆ ಅದರೊಳಗೆ ಮಾವನ ಮನಸ್ಸು ಗುಡಿಯಿಂದ ದೂರವಾಗಿತ್ತು. ‘ನಮ್ಮಜ್ಜ ಈ ಗುಡಿಗೆ ಎಣ್ಣೆ ಹಾಕ್ತಿದ್ದ ಕಣಪ್ಪಾ, ಈಗ ಗುಡಿಯಿಂದಾನೇ ನಾವು ಬಚ್ಚಲು ಕಟ್ಟಂಗಿಲ್ಲ’ ಎಂದು ಅವರು ಹೇಳಿದ ದಿನ ನನಗೆ ಉತ್ತರ ಹೊಳೆಯಲಿಲ್ಲ. ಪ್ರತಿಯೊಂದು ಸಂರಕ್ಷಿತ ಸ್ಮಾರಕಕ್ಕೂ ಅದರ ಸುತ್ತಲಿನ ಊರನ್ನು ನೋಡಿಕೊಂಡು ಪ್ರತ್ಯೇಕ ಪಾರಂಪರಿಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿಯೇ ಹೇಳುತ್ತದೆ. ಯಾವ ದುರಸ್ತಿಗೆ ಯಾವ ಕಾಗದ ಬೇಕೆಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿದ್ದರೆ ನಮ್ಮ ಅತ್ತೆಯ ಎರಡು ಮಳೆಗಾಲ ಉಳಿಯುತ್ತಿದ್ದವು. ಊರಿನವರನ್ನು ದೂರ ಮಾಡಿಕೊಂಡು ಯಾವ ಗುಡಿಯನ್ನೂ ಬಹುಕಾಲ ಕಾಯಲಾಗದು; ರಾತ್ರಿ ಹೊತ್ತಿನಲ್ಲಿ ಅಲ್ಲಿರುವವರು ಅವರೇ.

ಬಂದಳಿಕೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಗುಡಿಗಳ ಸುತ್ತ ಮನೆಗಳಿಲ್ಲ. ಹಿಂದೆ ಬಂದಣಿಕೆ ಎಂಬ ಹೆಸರಿನಲ್ಲಿ ನಾಗರಖಂಡವೆಂಬ ನಾಡಿನ ಮುಖ್ಯ ಪಟ್ಟಣವಾಗಿದ್ದ ಈ ಊರು ಈಗ ಮರಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಎದ್ದು ನಿಂತಿರುವ ಕಲ್ಲುಕಟ್ಟಡಗಳಾಗಿ ಉಳಿದಿದೆ. ತ್ರಿಮೂರ್ತಿ ನಾರಾಯಣ ಗುಡಿ, 13ನೆಯ ಶತಮಾನದ ಸೋಮೇಶ್ವರ ಗುಡಿ, ಶಾಂತಿನಾಥ ಬಸದಿ ಇಲ್ಲಿನ ಮುಖ್ಯ ಕಟ್ಟಡಗಳು. ಸೋಮೇಶ್ವರದ ಬಾಗಿಲಿನ ಇಕ್ಕೆಲದ ಕಲ್ಲಿನ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಸಾಲುಸಾಲಾಗಿ ಬಿಡಿಸಿದ್ದಾರೆ. ಒಳಗೆ ನಿಂತು ನೋಡಿದರೆ ಬೆಳಕು ಆ ಆಕೃತಿಗಳ ಸಂದಿನಲ್ಲಿ ತೂರಿ ಬರುತ್ತದೆ. ನಾನು ಬಂದಳಿಕೆಗೆ ಹೋಗುವುದು ಮಾತ್ರ ಜಕ್ಕಿಯಬ್ಬೆಗಾಗಿ. 10ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ, ಎಂದರೆ ಆ ನಾಡಿನ ಮುಖ್ಯಾಧಿಕಾರಿಯಾಗಿದ್ದ, ಸತ್ತರಸ ನಾಗಾರ್ಜುನನು ಸತ್ತಾಗ ಅರಸನು ಅವನ ಹೆಂಡತಿಯಾದ ಇವಳಿಗೇ ಆ ಪದವಿಯನ್ನು ಕೊಟ್ಟನು. ಆಳುವ ಸಾಮರ್ಥ್ಯದಲ್ಲಿ ನಿಪುಣೆ, ಜಿನಶಾಸನದಲ್ಲಿ ನಿಷ್ಠೆಯುಳ್ಳವಳು, ಹೆಂಗಸಾಗಿಯೂ ತನ್ನ ವೀರದಿಂದ ನಾಡನ್ನು ಕಾಪಾಡಿದವಳು ಎಂದು ಶಾಸನ ಅವಳನ್ನು ಹೊಗಳುತ್ತದೆ. ಮೈಗೆ ರೋಗ ಬಂದಾಗ ಅವಳು ಮಗಳನ್ನು ಕರೆಸಿ, ತನ್ನ ಅಧಿಕಾರವನ್ನು ಒಪ್ಪಿಸಿ, ಬಂದಣಿಕೆಯ ಬಸದಿಗೆ ಬಂದು, ವ್ರತ ಹಿಡಿದು ದೇಹ ಬಿಟ್ಟಳು. ನಮ್ಮೂರಿನ ಹೆಣ್ಣುಮಕ್ಕಳು ಪಂಚಾಯಿತಿ ಸದಸ್ಯರಾದಾಗ ‘ಹೊಸ ಕಾಲ ಬಂತು’ ಎಂದು ಮೂಗು ಮುರಿದವರನ್ನು ನಾನು ಬಲ್ಲೆ. ಅವರ ಹೊಲದಿಂದ ಅರ್ಧ ದಿನದ ದಾರಿಯಲ್ಲಿ ಈ ಕಲ್ಲಿತ್ತು.

ಸಂರಕ್ಷಿತ ಸ್ಥಳದಲ್ಲಿ ಅಗೆದರೆ ಏನು ಸಿಗಬಹುದೆಂಬುದನ್ನು ತಾಳಗುಂದವೇ ತೋರಿಸಿಕೊಟ್ಟಿದೆ. 2013ರ ಉತ್ಖನನದಲ್ಲಿ ಗುಡಿಯ ಬಳಿ ಚಿನ್ನದ ನಾಣ್ಯಗಳೂ ಮೆಟ್ಟಿಲ ಪಕ್ಕದ ಸಿಂಹಕಟಾಂಜನದ (ಸಿಂಹದ ಆಕಾರದ ಕೈಪಿಡಿಗಲ್ಲಿನ) ಮೇಲೆ ಕೆತ್ತಿದ ಬರಹವೂ ದೊರೆತವು. ಆ ಬರಹವನ್ನು ಪುರಾತತ್ತ್ವ ಇಲಾಖೆಯವರು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದಾಗ, 450ರ ಸುಮಾರಿನ ಹಲ್ಮಿಡಿ ಶಾಸನಕ್ಕಿಂತ ಇದು ಹಳೆಯ ಕನ್ನಡವೆಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಲಿಪಿಶಾಸ್ತ್ರದ ವಾದ ನನ್ನ ಅಳವಿಗೆ ಮೀರಿದ್ದು. ಆದರೆ ಆ ಮೆಟ್ಟಿಲು ಅಷ್ಟು ವರ್ಷ ಮಣ್ಣಿನಡಿ ಸುರಕ್ಷಿತವಾಗಿ ಉಳಿದದ್ದು ಅಲ್ಲಿ ಯಾರೂ ಜೆಸಿಬಿ ಇಳಿಸದಿದ್ದುದರಿಂದ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

ಜೆಸಿಬಿ ಇಳಿಯುವ ಕಡೆಯ ಕತೆ ಬೇರೆ. ನಮ್ಮ ತಾಲ್ಲೂಕಿನಲ್ಲಿ ವೀರಗಲ್ಲಿಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. ತುರು ಕಾಯುವಾಗ ಸತ್ತವನು, ಊರಳಿವಿನಲ್ಲಿ ಹೋರಾಡಿ ಬಿದ್ದವನು, ಗಂಡನೊಡನೆ ಚಿತೆಯೇರಿದ ಹೆಂಗಸಿನ ಮಾಸ್ತಿಕಲ್ಲು, ಬಸದಿಯಿದ್ದ ಊರುಗಳಲ್ಲಿ ವ್ರತ ಹಿಡಿದು ದೇಹ ಬಿಟ್ಟ ಜೈನರ ನಿಷಿದಿಗಲ್ಲು. ಇವುಗಳಲ್ಲಿ ಹೆಚ್ಚಿನವು ಯಾವ ಬೇಲಿಯೊಳಗೂ ಇಲ್ಲ. ನಮ್ಮ ಅಜ್ಜಿಯ ತವರಿನ ಕೆರೆ ಏರಿಯ ಕೆಳಗೆ ಒಂದು ವೀರಗಲ್ಲಿದೆ, ಮೂರು ಹಂತದ್ದು. ಕೆಳಗಿನ ಹಂತದಲ್ಲಿ ಬಿಲ್ಲು ಹಿಡಿದ ವೀರ, ಅವನ ಹಿಂದೆ ಮೂರು ದನಗಳು, ಅದರಲ್ಲೊಂದು ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದೆ. ನಡುವಿನ ಹಂತದಲ್ಲಿ ಅಪ್ಸರೆಯರು ಅವನ ಎರಡು ತೋಳುಗಳನ್ನು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನಡುವಿನ ಪಟ್ಟಿಯಲ್ಲಿ ಒಂದೂವರೆ ಸಾಲು ಹಳಗನ್ನಡದ ಬರಹವಿದ್ದು, ಅದರ ಅರ್ಧಭಾಗ ನುಣ್ಣಗಾಗಿದೆ. ನುಣ್ಣಗಾದದ್ದು ಮಳೆಯಿಂದಲ್ಲ. ಬಹಳ ಕಾಲ ಆ ಕಲ್ಲನ್ನು ಅಡ್ಡ ಮಲಗಿಸಿ ಬಟ್ಟೆ ಒಗೆಯುತ್ತಿದ್ದರು. ಆ ಕಲ್ಲಿನ ಮೇಲೆ ಸೀರೆ ಕುಕ್ಕಿದವರಲ್ಲಿ ನಮ್ಮ ಅಜ್ಜಿಯೂ ಒಬ್ಬಳು. ಅದು ಯಾರ ಕಲ್ಲೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ಅದಕ್ಕೆ ಕುಂಕುಮವಿಟ್ಟು ದೀಪ ಹಚ್ಚುತ್ತಿದ್ದಳೆಂಬುದರಲ್ಲಿ ನನಗೆ ಸಂಶಯವಿಲ್ಲ. ಮೊದಲೆಲ್ಲ ಕಲ್ಲುಗಳು ಹೀಗೆ ನಿಧಾನವಾಗಿ ಸವೆಯುತ್ತಿದ್ದವು. ಈಗ ಶುಂಠಿಗೆಂದು ಹೊಲ ಮಟ್ಟ ಮಾಡುವಾಗ, ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುವಾಗ, ರಸ್ತೆ ಅಗಲ ಮಾಡುವಾಗ ಒಂದು ಗಂಟೆಯಲ್ಲಿ ಹೋಗುತ್ತವೆ. ಕೆಲವು ಮೋರಿಯ ಅಡಿಗೆ ಸೇರುತ್ತವೆ.

ಈಸೂರಿನ ಬಗ್ಗೆ ಒಂದು ಮಾತನ್ನಾದರೂ ಹೇಳದೆ ಇರಲಾರೆ, ಏಕೆಂದರೆ ಐತಿಹಾಸಿಕ ಸ್ಥಳವೆಂದರೆ ಸಾವಿರ ವರ್ಷ ಹಳೆಯ ಕಲ್ಲೇ ಆಗಬೇಕಿಲ್ಲ. 1942ರ ಸೆಪ್ಟೆಂಬರಿನಲ್ಲಿ ಈ ಊರಿನವರು ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಹಾರಿಸಿ, ಕಂದಾಯ ಕೊಡುವುದಿಲ್ಲವೆಂದು ಸಾರಿ, ತಮ್ಮದೇ ಸ್ವತಂತ್ರ ಸರ್ಕಾರವನ್ನು ಘೋಷಿಸಿದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ನಾಡಿಗೆಲ್ಲ ಗೊತ್ತಿದೆ. ಆ ಮಾತನ್ನು ಆಡಿದವರು ಸೇರುತ್ತಿದ್ದ ಜಗಲಿಗಳು, ಓಡಿಹೋಗಿ ಅಡಗಿದ್ದ ಕಾಡಿನ ದಾರಿಗಳು ಯಾವುವೆಂದು ಹಿರಿಯರು ಇರುವಾಗಲೇ ಗುರುತಿಸಿಕೊಳ್ಳಬೇಕು.

ಎಲ್ಲ ವೀರಗಲ್ಲಿಗೂ ನೀಲಿ ಫಲಕ ನೆಡಿ, ಎಲ್ಲದರ ಸುತ್ತಲೂ ನೂರು ಮೀಟರ್ ಬಿಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ನಮ್ಮ ಊರುಗಳಲ್ಲಿ ಬದುಕಲು ಜಾಗ ಉಳಿಯುವುದಿಲ್ಲ, ಮಾವನಂತಹವರ ಸಂಖ್ಯೆ ಬೆಳೆಯುತ್ತದೆ. ಕೇಳುವುದು ಸಣ್ಣದೊಂದು ಸಂಗತಿ: ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಕೊಳವೆಬಾವಿ, ಬೀದಿದೀಪಗಳಂತೆಯೇ ಆ ಊರಿನ ಶಾಸನ, ವೀರಗಲ್ಲು, ಕೆರೆಯ ಹಳೆಯ ತೂಬು, ಕೋಡಿಗಳೂ ಸರ್ವೆ ನಂಬರಿನ ಸಹಿತ ದಾಖಲಾಗಬೇಕು. ವಹಿಯಲ್ಲಿ ಇದ್ದದ್ದನ್ನು ತೆಗೆಯಬೇಕೆಂದರೆ ಯಾರಾದರೊಬ್ಬರು ಸಹಿ ಹಾಕಬೇಕಾಗುತ್ತದೆ, ಸಹಿ ಹಾಕುವ ಮೊದಲು ಒಂದು ಗಳಿಗೆ ಯೋಚಿಸುತ್ತಾರೆ. ಗುಡಿಯ ದುರಸ್ತಿಗೆ ಅಂದಾಜುಪಟ್ಟಿ ಹಾಕುವ ವರ್ಷ ಅದರ ಕೆರೆಯ ಕೋಡಿಯನ್ನೂ ನೋಡುವಂತಾದರೆ ಕುಬ್ಜನ ಕಂಬಕ್ಕೆ ಅದರ ಅರ್ಥ ತಿರುಗಿ ಬರುತ್ತದೆ.

ಕಳೆದ ದಸರಾ ರಜೆಯಲ್ಲಿ ನಾನೂ ಅಕ್ಕನ ಮಗಳೂ ನಮ್ಮ ಪಂಚಾಯಿತಿಗೆ ಸೇರಿದ ಐದು ಹಳ್ಳಿಗಳನ್ನು ನಡೆದು ನೋಡಿದೆವು. ಅವಳೀಗ ಹೈಸ್ಕೂಲಿನಲ್ಲಿದ್ದಾಳೆ, ನೂರು ಪುಟದ ನೋಟುಬುಕ್ಕಿನಲ್ಲಿ ಪ್ರತಿ ಕಲ್ಲಿಗೂ ಒಂದು ಪುಟ ಇಟ್ಟು, ಅದು ನಿಂತಿದೆಯೇ ಮಲಗಿದೆಯೇ, ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಹಂತವಿದೆ, ಬರಹವಿದೆಯೇ, ಯಾರ ಹೊಲ, ಪಕ್ಕದಲ್ಲಿ ಯಾವ ಮರ ಎಂದು ಬರೆದುಕೊಂಡಳು. ಹಿಟ್ಟು ಬಳಿದರೆ ಅಕ್ಷರ ಚೆನ್ನಾಗಿ ಕಾಣುತ್ತದೆಂದು ಒಬ್ಬರು ಹೇಳಿದರು. ಬೇಡವೆಂದು ಹೇಳಿ, ಸಂಜೆಯವರೆಗೆ ಕಾದು, ಓರೆ ಬಿಸಿಲಿನಲ್ಲಿ ಫೋನಿನಿಂದ ಚಿತ್ರ ತೆಗೆದೆವು. ಒಟ್ಟು ಹದಿನೇಳು ಕಲ್ಲುಗಳು ಸಿಕ್ಕವು. ಅಜ್ಜಿಯ ತವರಿನ ವೀರಗಲ್ಲನ್ನು ಊರಿನ ಹುಡುಗರು ನಾಲ್ಕೈದು ಜನ ಸೇರಿ ‘ಎತ್ತಿ ಏರಿಯ ಮೇಲೆ ಇಡೋಣವೇ’ ಎಂದು ಕೇಳಿದರು. ಕಲ್ಲು ತಾನಿದ್ದ ಜಾಗದಲ್ಲಿರುವುದೇ ಸರಿ ಎಂದು ಹೇಳಿದ ಮೇಲೆ, ಸುತ್ತಲಿನ ಲಂಟಾನವನ್ನು ಕಡಿದು, ಬುಡದ ಹೂಳನ್ನು ಕೈಯಿಂದಲೇ ಬಿಡಿಸಿದರು. ಹೂಳಿನಡಿ ಇನ್ನೊಂದು ಪಟ್ಟಿಕೆ ಇತ್ತು. ಅದರಲ್ಲಿ ನಾಲ್ಕನೆಯ ದನವೊಂದು, ಅದರ ಹೊಟ್ಟೆಗೆ ಅಂಟಿಕೊಂಡು ನಿಂತ ಕರು. ನೋಟುಬುಕ್ಕಿನ ಆ ಪುಟದಲ್ಲಿ ‘ದನ ಮೂರು’ ಎಂದಿದ್ದುದನ್ನು ಅವಳು ಹೊಡೆದುಹಾಕಿ ತಿದ್ದಿದಳು. ಅದರ ಒಂದು ಪ್ರತಿಯನ್ನು ಪಂಚಾಯಿತಿ ಕಚೇರಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಿದ್ದೇವೆ. ಉಳಿದ ಎರಡು ಹಳ್ಳಿಗಳನ್ನು ಸಂಕ್ರಾಂತಿಗೆ ನೋಡಬೇಕು, ಅಷ್ಟರಲ್ಲಿ ಹುಲ್ಲು ಒಣಗಿರುತ್ತದೆ.